ಬೊಮ್ಮಿ ಹೇಳಿದ್ದು, ನಾನು ಹೇಳಿದ್ದು

ಕಳೆದ ಭಾನುವಾರ ಸುಲ್ತಾನ್ ಬತ್ತೇರಿಯ ಸಭೆಯೊಂದರಲ್ಲಿ ನನ್ನ ಕೈಗೆ ಮೈಕ್ ಕೊಟ್ಟರು. ಕೊಡಬಾರದಿತ್ತು.

ನಮ್ಮ ವಯನಾಡಿಗೆ ರೈಲಿಲ್ಲ ಎಂಬುದು ನಿಮಗೆ ಗೊತ್ತಿದೆ. ರೈಲು ಹತ್ತಬೇಕೆಂದರೆ ಘಾಟಿ ಇಳಿದು ಕೋಳಿಕ್ಕೋಡಿಗೆ ಹೋಗಬೇಕು, ಇಲ್ಲವೇ ಮುತ್ತಂಗದ ಕಾಡು ದಾಟಿ ಮೈಸೂರಿಗೆ. ಆ ಕಾಡಿನ ರಸ್ತೆಗೂ ರಾತ್ರಿಯಾದರೆ ಕಾಡುಪ್ರಾಣಿಗಳಿಗೆಂದು ಗೇಟು ಹಾಕುತ್ತಾರೆ. ಗುಂಡ್ಲುಪೇಟೆಯಿಂದ ತರಕಾರಿ ತರಿಸಿ ಮಾರುವ ನನ್ನಂಥವನಿಗೆ ಅದೆಂಥ ತಲೆನೋವು ಅಂತ ಇದೇ ಅಂಕಣದಲ್ಲಿ ಎಷ್ಟು ಸಲ ಗೋಳಾಡಿಲ್ಲ? (ನಿಮಗೂ ಸಾಕಾಗಿರಬೇಕು.)

ಸಭೆ ನಡೆದದ್ದೂ ಅದಕ್ಕೇ. ರೈಲು ಬರಲಿ, ರಾತ್ರಿ ಗೇಟು ತೆಗೆಯಲಿ. ವ್ಯಾಪಾರಿಗಳು, ಮೇಷ್ಟ್ರುಗಳು, ಪತ್ರಕರ್ತರು, ಎಲ್ಲರೂ ಇದ್ದರು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಹೆಸರು ಬೊಮ್ಮಿ, ಮುತ್ತಂಗದ ಕಾಡೊಳಗಿನ ಹಾಡಿಯವಳು. ಆಕೆ ಮಾತು ಶುರು ಮಾಡಿದ್ದು ಕನ್ನಡದಲ್ಲಿ.

ಅಧ್ಯಕ್ಷರು ನನ್ನ ಕಡೆ ನೋಡಿದರು. "ನೀವು ಕನ್ನಡದವರಲ್ವಾ? ಮಲಯಾಳದಲ್ಲಿ ಹೇಳಿಬಿಡಿ."

ಬೊಮ್ಮಿ ಹೇಳಿದ್ದು ಇಷ್ಟು (ವಳಿ ಅಂದರೆ ದಾರಿ, ವಂಡಿ ಅಂದರೆ ಗಾಡಿ):

"ಸಾರೆ, ಮೊನ್ನೆ ಸೊಸೆಗೆ ನೋವು ಬಂತು. ನಮ್ದು ಮಣ್ಣು ವಳಿ, ಜೀಪು ಒಳಗ್ ಬರಲ್ಲ. ಕಂಬ್ಳಿಲಿ ಹೊತ್ಕಂಡು ಟಾರ್ ರೋಡ್‌ಗೆ ಬಂದೋ. ಹಾಡುಹಗಲು! ಕೈ ಅಡ್ಡ ಹಿಡಿದ್ರೂ ಒಂದು ವಂಡೀನೂ ನಿಲ್ಲಿಲ್ಲ. ಮಗು ರೋಡ್ ಪಕ್ಕದಲ್ಲೇ ಹುಟ್ತು. ನಿಮ್ ರೈಲು ಬರ್ಲಿ, ಬ್ಯಾಡ ಅನ್ನಲ್ಲ. ನಮ್ ವಳಿ ಯಾವಾಗ ಮಾಡ್ತೀರಿ? ರಾತ್ರಿ ಗೇಟು ಮಾತ್ರ ತೆಗೀಬ್ಯಾಡಿ. ರೋಡಲ್ಲಿ ರಾತ್ರೀನೂ ಲಾರಿ ಓಡಿದ್ರೆ ಆನೆ ನಮ್ ಹಾಡಿಗೇ ನುಗ್ತದೆ."

ಇದರಲ್ಲಿ ಅರ್ಥವಾಗದ್ದೇನಿದೆ? ಏನೂ ಇಲ್ಲ. ನಾನು ಮೈಕ್ ಹಿಡಿದು ಮಲಯಾಳದಲ್ಲಿ ಹೇಳಿದೆ: "ಹೆರಿಗೆಗೆ ವಾಹನ ಸಿಗದೆ ಇವರ ಸೊಸೆ ರಸ್ತೆಯಲ್ಲೇ ಹೆತ್ತಳಂತೆ. ಅದಕ್ಕೇ ರೈಲು ಬೇಕು, ಗೇಟು ರಾತ್ರಿಯೂ ತೆರೆದಿರಬೇಕು ಅನ್ನುತ್ತಿದ್ದಾರೆ."

ಚಪ್ಪಾಳೆಯೋ ಚಪ್ಪಾಳೆ. ಕ್ಯಾಮೆರಾಗಳು ಬೊಮ್ಮಿಯ ಕಡೆ ತಿರುಗಿದವು.

ಆಕೆ ಕೂರಲಿಲ್ಲ. "ಞಾನ್ ಅದಲ್ಲ ಪರಞ್ಞದು" ಎಂದಳು. (ನಾನು ಹೇಳಿದ್ದು ಅದಲ್ಲ.) ಆಮೇಲೆ ಸೊಸೆ, ಕಂಬಳಿ, ಮಣ್ಣು ದಾರಿ, ಆನೆ, ಒಂದನ್ನೂ ಬಿಡದೆ ಸೊಗಸಾದ ಮಲಯಾಳದಲ್ಲಿ ಹೇಳಿದಳು. ನನ್ನನ್ನು ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಅಧ್ಯಕ್ಷರು "ಅದನ್ನೂ ಗಮನಿಸೋಣ" ಎಂದು ಮುಂದಿನವರನ್ನು ಕರೆದರು. ನಾನು ಎಲ್ಲಿ ನೋಡಲಿ ಎಂದು ತಿಳಿಯದೆ ಮೊಬೈಲ್ ತೆಗೆದು ಸುಮ್ಮನೆ ಒತ್ತುತ್ತಾ ಕೂತೆ.

ಸಭೆ ಮುಗಿದ ಮೇಲೆ ಬಸ್‌ಸ್ಟಾಪಿನಲ್ಲಿ ಆಕೆ ಕಂಡಳು. ಕಾರು ನಿಲ್ಲಿಸಿ, ಬಿಡ್ತೀನಿ ಬನ್ನಿ ಅಂದೆ. ಹತ್ತಿದಳು. ಆಗಲಾದರೂ ಕ್ಷಮೆ ಕೇಳಿದೆನೇ? ಇಲ್ಲ. "ಮಲಯಾಳ ಬರುತ್ತೆ ಅಂತ ಮೊದಲೇ ಹೇಳಬಾರದಿತ್ತಾ ಅಕ್ಕಾ?" ಎಂದೆ. ತಪ್ಪು ಆಕೆಯದು ಎಂಬಂತೆ!

"ಯಾರೂ ಕೇಳ್ಲಿಲ್ಲ ಸಾರೆ. ನೀವು ನಮ್ ಮಾತಿನೋರು ಅಂತ ಕನ್ನಡದಲ್ಲೇ ಹೇಳ್ದೆ."

ಕಾಡಿನ ತಿರುವಿನಲ್ಲಿ ಆಕೆ ಇಳಿದಳು. ಮುಂದೆ ಕೆಸರು, ಕಾರು ಹೋಗದು. "ತಪ್ಪಾಯ್ತು ಅಕ್ಕಾ" ಎಂದೆ, ಕೊನೆಗೂ.

"ಆಗ್ಲಿ. ಬೇಗ ಹೊರಡಿ, ಆನೆ ದಾಟೋ ಜಾಗ ಇದು" ಎಂದು ಸೆರಗು ಬಿಗಿದು ನಡೆದಳು. ಆಕೆ ಮರಗಳ ನಡುವೆ ಮರೆಯಾಗುವವರೆಗೆ ನಾನು ಕಾರಿನೊಳಗೇ ಕೂತಿದ್ದೆ, ಗಾಜು ಏರಿಸಿಕೊಂಡು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮರುದಿನ ಸಭೆ ನಡೆಸಿದ ಸಮಿತಿಯ ವಾಟ್ಸ್ಆಪ್ ಗ್ರೂಪಿನಲ್ಲಿ ಬೊಮ್ಮಿಯ ಫೋಟೊ. ಕೆಳಗೆ, "ಕಾಡಿನ ಮಕ್ಕಳ ಬೆಂಬಲವೂ ನಮಗಿದೆ." ಕೂಡಲೇ ಬರೆದೆ: ಇದು ಸುಳ್ಳು, ಸುಳ್ಳು ಹೇಳಿದವನು ನಾನೇ, ದಯವಿಟ್ಟು ತೆಗೆಯಿರಿ. ಉತ್ತರವಾಗಿ ಎರಡು ಹೆಬ್ಬೆರಳು, ಒಂದು ಕೈಮುಗಿದ ಚಿತ್ರ ಬಂತು. ಕಾರ್ಯದರ್ಶಿಗೆ ಫೋನ್ ಮಾಡಿದೆ. "ಬಿಡಿ ಸಾರೆ, ಒಳ್ಳೇ ಕೆಲಸಕ್ಕೇ ತಾನೆ?" ಎಂದು ನಕ್ಕರು. ಗ್ರೂಪಿನಿಂದ ಹೊರಬಂದೆ. ಫೋಟೊ ಮಾತ್ರ ಇನ್ನೂ ಊರೆಲ್ಲ ಸುತ್ತುತ್ತಿದೆ.

ಬೊಮ್ಮಿ ಕನ್ನಡದಲ್ಲಿ ಹೇಳಿದಳು, ಮಲಯಾಳದಲ್ಲೂ ಹೇಳಿದಳು. ನಮಗೆ ಇನ್ನು ಯಾವ ಭಾಷೆಯಲ್ಲಿ ಹೇಳಬೇಕು?