ದೊಡ್ಡಮ್ಮನ ಚರ್ಚಿನಲ್ಲಿ ನನ್ನ ಸಾಕ್ಷಿ

'ದೇವರಿದ್ದಾನೆಯೇ' ಎಂಬ ಮಧುಗಿರಿ ಕಾಲೇಜಿನ ಚರ್ಚಾಸ್ಪರ್ಧೆ ಗೆಲ್ಲಲು ನಾನು ದೊಡ್ಡಮ್ಮ ಪ್ರಾರ್ಥನೆ ಮಾಡುವ ರೀತಿಯನ್ನು ಅಣಕಿಸಿ ತೋರಿಸಿದೆ. ಸಭೆ ನಕ್ಕಿತು. ನನ್ನ ಮಾತು ಕೇಳಲೆಂದೇ ಬಂದಿದ್ದ ದೊಡ್ಡಮ್ಮ ಹಿಂದಿನ ಸಾಲಿನಲ್ಲಿದ್ದರು. ಆ ನಾಚಿಕೆಗೆ ಒಂದು ವರ್ಷ ಅವರ ಮನೆಯತ್ತ ಸುಳಿಯಲಿಲ್ಲ.

ಕೊನೆಗೊಂದು ಭಾನುವಾರ ಶಿರಾದ ಅವರ ಪುಟ್ಟ ಚರ್ಚಿಗೆ ಹೋದೆ. ಅಲ್ಲಿ ಆರಾಧನೆಯ ನಡುವೆ ಯಾರಾದರೂ ಎದ್ದು ಸಾಕ್ಷಿ ಹೇಳಬಹುದು, ಅಂದರೆ ತಮ್ಮ ತಪ್ಪನ್ನೋ ದೇವರಿಂದಾದ ಒಳಿತನ್ನೋ ಎಲ್ಲರೆದುರು ಹೇಳಿಕೊಳ್ಳಬಹುದು. ನಾನೂ ಎದ್ದೆ.

"ನಾನು ಮಾಡಿದ ತಪ್ಪಿಗೆ ಮೂರು ಕಾರಣಗಳಿವೆ. ಮೊದಲನೆಯದಾಗಿ..."

"ಲೇ, ಇಲ್ಲಿ ಎದುರು ಪಾರ್ಟಿ ಯಾರೂ ಇಲ್ಲ ಕಣ್ಲಾ!" ಹೆಂಗಸರ ಚಾಪೆಯಿಂದ ದೊಡ್ಡಮ್ಮ ಕೂಗಿದರು. "ತಪ್ಪಾಯ್ತು ಅನ್ನು, ಸಾಕು. ಯೇಸಪ್ಪ ನನ್ನಂಥೋಳ್ನೇ ಕ್ಷಮಿಸವ್ನೆ. ನಾನು ನಿನ್ನ ಅವತ್ತೇ ಕ್ಷಮಿಸ್ಬುಟ್ಟೆ."

"ತಪ್ಪಾಯ್ತು ದೊಡ್ಡಮ್ಮ" ಎಂದೆ. ವರ್ಷದ ಮೇಲೆ ಅವರ ಮುಖವನ್ನು ನೇರವಾಗಿ ನೋಡಿದೆ.

ದೇವರ ಬಗ್ಗೆ ನನ್ನ ಪ್ರಶ್ನೆಗಳು ಮುಗಿದಿಲ್ಲ. ಆದರೆ ಆ ನಾಚಿಕೆಯಿಂದ ನನಗೆ ಬಿಡುಗಡೆ ಕೊಟ್ಟದ್ದು ತಮ್ಮ ಯೇಸುವೇ ಎಂದು ದೊಡ್ಡಮ್ಮ ಹೇಳಿದರೆ ನಾನು ಎದುರಾಡುವುದಿಲ್ಲ.