ಎಣ್ಣೆ ಕುಡಿದ ಮಸೆಗಲ್ಲು

ಇವತ್ತು ಬೆಳಿಗ್ಗೆ ಮಸೆಗಲ್ಲನ್ನು ನೀರಿನಿಂದ ತೆಗೆದು ಮೂಗಿನ ಹತ್ತಿರ ಹಿಡಿದೆ. ನಗಬೇಡಿ. ಒದ್ದೆ ಕಲ್ಲಿಗೊಂದು ವಾಸನೆಯಿದೆ. ಅದು ನನ್ನನ್ನು ಕದ್ರಿಯ ಈ ಅಡುಗೆಮನೆಯಿಂದ ನೇರವಾಗಿ ಫಳ್ನೀರಿನ ದೊಡ್ಡಮ್ಮನ ಫ್ಲ್ಯಾಟಿಗೆ ಒಯ್ಯುತ್ತದೆ.

ದೊಡ್ಡಮ್ಮನಿಗೆ ಮದುವೆಯಾದಾಗಿನಿಂದ ಒಂದೇ ಕಲ್ಲು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅವರ ಕೈಗೇ ಸವೆದು ಅದರ ನಡು ದೋಣಿಯಂತೆ ತಗ್ಗಿತ್ತು. ಮನೆಗೆ ಅಂಜಲ್ ಮೀನು ಬಂದ ದಿನ ಕಲ್ಲಿಗೆ ನೀರು ಹನಿಸುತ್ತ, ಕತ್ತಿ ಮಸೆಯುತ್ತ ಕೂತರೆ ಯಾರ ಮಾತಿಗೂ ಸಿಗುತ್ತಿರಲಿಲ್ಲ.

ದೊಡ್ಡಪ್ಪ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದವರು. ಕೆಲಸ ಬಿಟ್ಟ ಮೇಲೂ ಬಾಗಿಲಿಗೆ, ಫ್ಯಾನಿಗೆ, ಕೊಡೆಯ ಕಡ್ಡಿಗೆ ಎಣ್ಣೆ ಬಿಡದಿದ್ದರೆ ಅವರಿಗೆ ಸಮಾಧಾನವಿಲ್ಲ. ಆಗ ಅವರ ಮನೆಯಲ್ಲೇ ಇದ್ದ ನಾನು ಸ್ವಲ್ಪ ಹೊತ್ತು ಅಲುಗದೆ ಕೂತರೆ ನನಗೂ ಎಣ್ಣೆ ಬಿಟ್ಟಾರೆಂದು ಭಯವಾಗುತ್ತಿತ್ತು.

ದೊಡ್ಡಮ್ಮ ಮಗಳ ಬಾಣಂತನಕ್ಕೆ ಹೋದಾಗ, ಕಲ್ಲು ಒಣಗಿ ಹಾಳಾದೀತೆಂದು ದೊಡ್ಡಪ್ಪ ಅದಕ್ಕೆ ದಿನವೂ ತೆಂಗಿನೆಣ್ಣೆ ಉಜ್ಜಿದರು. ಪ್ರೀತಿಯೇ, ಏನು ಹೇಳುವುದು! ದೊಡ್ಡಮ್ಮ ಬಂದು ನೀರು ಹನಿಸಿದರೆ ನೀರು ಉರುಳಿ ಹೋಯಿತು. ಕತ್ತಿ ಸುಮ್ಮನೆ ಜಾರಿತು.

“ಇದಕ್ಕೆ ಎಂತ ಮಾಡಿದ್ರಿ ನೀವು?”

“ಎಣ್ಣೆ ಮಾರಾಯ್ತಿ. ನೀನಿಲ್ಲದೆ ಒಣಗಿತ್ತು.”

ದೊಡ್ಡಮ್ಮ ಬೈಯಲಿಲ್ಲ. ಕಣ್ಣು ತುಂಬಿಕೊಂಡು ಒಳಗೆ ಹೋದರು. ಬೈದಿದ್ದರೇ ವಾಸಿಯಿತ್ತು.

ದೊಡ್ಡಪ್ಪ ಕಲ್ಲನ್ನು ಅಂಟುವಾಳದ ಬಿಸಿನೀರಿನಲ್ಲಿ ಮುಳುಗಿಸಿಟ್ಟರು, ತಿಕ್ಕಿದರು, ಮತ್ತೆ ಮುಳುಗಿಸಿದರು. ಕೊನೆಗೆ ಟೆರೇಸಿಗೆ ಒಯ್ದು, ಸಿಮೆಂಟು ನೆಲದ ಮೇಲೆ ಮರಳು ಹರಡಿ, ನೀರು ಹಾಕಿ, ಎಣ್ಣೆ ಹಿಡಿದ ಮೈ ಹೋಗುವವರೆಗೂ ಉಜ್ಜಿದರು. ಎಣ್ಣೆಯೊಂದಿಗೆ ದೊಡ್ಡಮ್ಮನ ತಗ್ಗೂ ಹೋಗಿ ಕಲ್ಲು ಸಪಾಟಾಯಿತು. ಇನ್ನು ಈ ಮನೆಯಲ್ಲಿ ಮೀನಿಲ್ಲ, ಗಂಜಿ ಉಪ್ಪಿನಕಾಯಿಯೇ ಗತಿ ಎಂದುಕೊಂಡೆ.

ದೊಡ್ಡಮ್ಮ ಬಂದು ನೀರು ಹನಿಸಿದರು. ಕಲ್ಲು ಕುಡಿಯಿತು. ಕತ್ತಿ ಮಸೆದು ಅಂಜಲ್ ಮೀನಿಗೆ ಇಟ್ಟರೆ ಒಂದೇ ಎಳೆತಕ್ಕೆ ತುಂಡು ಬಿತ್ತು. ತಗ್ಗಿದ ಕಲ್ಲಿನಲ್ಲಿ ಅಷ್ಟು ಹರಿತ ಎಂದೂ ಬಂದಿರಲಿಲ್ಲ. ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವ ಪೈಕಿಯೇ ಅವರು? ಉಳಿದ ಚಾಕುಗಳನ್ನೆಲ್ಲ ತಂದು ಗಂಡನ ಮುಂದೆ ಇಟ್ಟರು.

“ಇನ್ನು ನೀವೇ ಮಸೆಯಿರಿ. ನೀರು ನಾನು ಹಾಕ್ತೇನೆ. ನಿಮ್ಮನ್ನು ನಂಬಿದ್ರೆ ಮತ್ತೆ ಎಣ್ಣೆ ಹಾಕ್ತೀರಿ.”

ಇಷ್ಟು ನೆನಪಾದ ಮೇಲೆ ನನ್ನ ಮಸೆಯುವ ಕೆಲಸ ಅಲ್ಲಿಗೇ ನಿಂತಿತು. ಮೊಂಡು ಚಾಕುವನ್ನು ಪೇಪರಿನಲ್ಲಿ ಸುತ್ತಿಕೊಂಡು ಫಳ್ನೀರಿಗೆ ಹೋದೆ. ಇಬ್ಬರೂ ಬಾಲ್ಕನಿಯಲ್ಲಿ ಎದುರುಬದುರು ಕೂತರು. ದೊಡ್ಡಪ್ಪ ಮಸೆದರು, ದೊಡ್ಡಮ್ಮ ಚಮಚದಲ್ಲಿ ನೀರು ಬಿಟ್ಟರು. ನನ್ನನ್ನು ಇಬ್ಬರೂ ಮರೆತೇಬಿಟ್ಟಿದ್ದರು. ನೋಡುತ್ತ ನೋಡುತ್ತ ನನ್ನ ಮನಸ್ಸು ತುಂಬಿ ಬಂತು.

ಚಾಕು ಕೈಗೆ ಕೊಡುತ್ತ ದೊಡ್ಡಪ್ಪ ಆಸೆಯಿಂದ ಕೇಳಿದರು: “ಇನ್ನೊಂದು ಉಂಟಾ?”

ನಾಳೆ ಪಕ್ಕದ ಮನೆಯವರ ಚಾಕುಗಳನ್ನೂ ಕೇಳಿ ಒಯ್ಯುತ್ತೇನೆ.