ತವರಿನ ತಟ್ಟೆಯಲ್ಲಿ ಬಂದ ಕಾಗದ

ಕೋಗಿಲವಾಣಿ ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಪರ್ತ್‌ನಲ್ಲಿರುತ್ತಿದ್ದಳು. ಕೂರುತ್ತಿದ್ದದ್ದು ಮಾತ್ರ ಮಲೇಷ್ಯಾದ ಕ್ಲಾಂಗ್‌ನಲ್ಲಿ, ತನ್ನ ಅಡುಗೆಮನೆಯ ಮೂಲೆಯಲ್ಲಿ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆ ಊರಿನ ಹಲ್ಲಿನ ದವಾಖಾನೆಯೊಂದರ ಫೋನು ಎತ್ತುವುದು ಅವಳ ಕೆಲಸ. ಅಲ್ಲಿ ಯಾರ ದವಡೆ ಹಲ್ಲು ಅಲ್ಲಾಡುತ್ತಿದೆ ಎಂಬುದು ಗೊತ್ತಿತ್ತೇ ಹೊರತು ಊರನ್ನು ಕಣ್ಣಾರೆ ಕಂಡವಳಲ್ಲ. ಮಗಳು ತಾಮರೈಯನ್ನು ಅದೇ ಊರಿಗೆ ಕೊಟ್ಟಿದ್ದಾಯಿತು. ಅವಳ ಚೊಚ್ಚಲ ಬಾಣಂತನ ಮಾಡಲೆಂದು ಎರಡು ವರ್ಷದ ರಜೆ ಕೂಡಿಸಿಕೊಂಡು ಹೊರಟಳು.

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಹುಡುಗಿ ತಲೆಯಾಡಿಸಿದಳು.

"ಅಕ್ಕಾ, ನೀವು ದೇಶ ಬಿಡೋ ಹಾಗಿಲ್ಲ. ತೆರಿಗೆ ಬಾಕಿ ಅಂತ ತಡೆ ಇದೆ."

"ನಂದಾ? ವರ್ಷಾ ವರ್ಷಾ ತಪ್ಪದೆ ಕಟ್ತೀನಮ್ಮಾ! ರಸೀತಿ ಬೇಕಾ?"

"ತೆರಿಗೆ ಕಚೇರೀಲಿ ಕೇಳಿ ಅಕ್ಕಾ."

ಕಚೇರಿಯಲ್ಲಿ ಕೇಳಿದಾಗ ಗೊತ್ತಾಯಿತು, ಬಾಕಿ ಅವಳ ಸಂಬಳದ್ದಲ್ಲ, ಅಣ್ಣ ಗುಣಶೇಖರನ ಲಾರಿ ಕಂಪನಿಯದು. ಕಂಪನಿ ಕಟ್ಟದಿದ್ದರೆ ಪಾಲಿರುವ ಡೈರೆಕ್ಟರೇ ಕಟ್ಟಬೇಕಂತೆ. ತಾಮರೈ ದೊಡ್ಡವಳಾದಾಗ ಸೋದರಮಾವನಾಗಿ ಸೀರೆ, ಹಣ್ಣುಗಳ ಸಾಲು ತಟ್ಟೆ ಹೊರಿಸಿಕೊಂಡು ಬಂದಿದ್ದ. ಕೊನೆಯ ತಟ್ಟೆಯಲ್ಲಿ ಬಳೆಯ ಬದಲು ಒಂದು ಕಾಗದವಿತ್ತು. ಕಂಪನಿಯ ಕಾಲು ಪಾಲು ತಂಗಿಗೆ, ಜೊತೆಗೆ ಡೈರೆಕ್ಟರ್ ಪದವಿ.

"ಬಳೆ ಸವೆಯುತ್ತೆ ತಂಗೀ, ಪಾಲು ಬೆಳೆಯುತ್ತೆ," ಎಂದಿದ್ದ. ನೆಂಟರೆಲ್ಲ ಚಪ್ಪಾಳೆ ತಟ್ಟಿದ್ದರು. ಅರಿಸಿನದ ಕೈಯಲ್ಲೇ ಅವಳು ಸಹಿ ಹಾಕಿದ್ದಳು. ಆ ಪಾಲಿನಿಂದ ಇವತ್ತಿನವರೆಗೆ ಒಂದು ಕಾಸು ಕಂಡಿಲ್ಲ. ತವರಿನ ತಟ್ಟೆಯಲ್ಲಿ ಬಂದದ್ದನ್ನು ಓದಿ ನೋಡುವ ಹೆಂಗಸು ಎಲ್ಲಿದ್ದಾಳೆ?

ಸಾಮಾನು ಸಮೇತ ನೇರ ಅಣ್ಣನ ಮನೆಗೆ ಹೋದಳು. ಅಲ್ಲಿಯೂ ಪಡಸಾಲೆಯಲ್ಲಿ ಪೆಟ್ಟಿಗೆಗಳು ಸಿದ್ಧವಾಗಿದ್ದವು. ತಮ್ಮ ಮಗಳ ಮದುವೆ ಸೀರೆಗೆಂದು ಅಣ್ಣ ಅತ್ತಿಗೆ ಚೆನ್ನೈಗೆ ಹೊರಟಿದ್ದರು.

"ನಿಂಗ್ಯಾಕಣ್ಣಾ ತಡೆ ಇಲ್ಲ?"

"ನಾನು ಡೈರೆಕ್ಟರ್‌ಗಿರಿ ಬಿಟ್ಟು ಎರಡು ವರ್ಷ ಆಯ್ತಲ್ಲಮ್ಮಾ. ನನ್ ಪಾಲೂ ಬೇರೆಯವರ ಹೆಸರಿಗೆ ಮಾಡ್ದೆ. ನಿಂಗೆ ಹೇಳ್ಬೇಕು ಅಂತಿದ್ದೆ, ಮರ್ತೇಹೋಯ್ತು."

ಬಾಕಿಯ ಕಾಗದಗಳೆಲ್ಲ ಕಂಪನಿಯ ವಿಳಾಸಕ್ಕೇ ಬಂದಿದ್ದವು, ಒಂದನ್ನೂ ಅವಳಿಗೆ ದಾಟಿಸಿರಲಿಲ್ಲ. ಉಂಡೂ ಹೋದ, ಕೊಂಡೂ ಹೋದ, ಎಲೆ ಎತ್ತಲು ತಂಗಿಯನ್ನು ಕೂರಿಸಿ ಹೋದ. ಇಂಥವನಿಗೆ ದೇವಸ್ಥಾನದ ಸಮಿತಿಯಲ್ಲಿ ಮುಂದಿನ ಕುರ್ಚಿ ಬೇರೆ!

"ಯಾಕಿಷ್ಟು ಕಿರುಚಾಡ್ತೀಯ? ಬರೀ ಹೆಸರು ತಾನೆ?"

"ಆ ಹೆಸರೇ ಕಣೋ ನನ್ನ ಪಾಸ್‌ಪೋರ್ಟಲ್ಲಿರೋದು! ನನ್ ಮಗಳು ಅಲ್ಲಿ ಒಬ್ಬಳೇ ನೋವು ತಿನ್ನಬೇಕು, ನೀನು ಜರಿ ಆರಿಸ್ತಾ ಕೂತಿರ್ಬೇಕು, ಅಲ್ವಾ? ನಾಚಿಕೆ ಆಗಲ್ವೇನೋ ನಿಂಗೆ?"

ಅತ್ತಿಗೆ ಪುವನೇಶ್ವರಿ ಎದ್ದಳು. ಒಳಗೆ ಹೋಗಿ ಸೀರೆಗಿಟ್ಟ ಹಣದ ಚೀಲ ತಂದು ನಾದಿನಿಯ ಮಡಿಲಿಗಿಟ್ಟಳು. ಗಂಡ ಬಾಯಿ ತೆರೆದ. ಅವಳು ನೋಡಿದ ನೋಟಕ್ಕೆ ಮುಚ್ಚಿಕೊಂಡ.

ಮರುದಿನವೇ ಕೋಗಿಲವಾಣಿ ಅದನ್ನು ತೆರಿಗೆ ಕಚೇರಿಗೆ ಮೊದಲ ಕಂತಾಗಿ ಕಟ್ಟಿದಳು. ತಡೆ ತೆಗೆಯಲು ಇನ್ನೂ ಮೂರು ವಾರ ಬೇಕು ಎಂದರು. ಮಗು ಅಷ್ಟು ದಿನ ಕಾಯಲಿಲ್ಲ, ಒಂಬತ್ತನೇ ದಿನಕ್ಕೇ ಹುಟ್ಟಿತು.

ಮೊದಲ ಎಣ್ಣೆನೀರನ್ನು ಅಜ್ಜಿ ಕಾಲು ಚಾಚಿ ಮಲಗಿಸಿಕೊಂಡು ಹಾಕಬೇಕು. ಅಜ್ಜಿ ಅಡುಗೆಮನೆಯ ಮೂಲೆಯಲ್ಲಿ, ಅದೇ ಹೆಡ್‌ಫೋನ್ ಹಾಕಿಕೊಂಡು ಪರದೆ ನೋಡುತ್ತಿದ್ದಳು. ಅಲ್ಲಿ ಅಳಿಯ ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡಿದ್ದ.

"ಕತ್ತಿನ ಕೆಳಗೆ ಕೈ ಕೊಡಪ್ಪಾ... ಮೆಲ್ಲಗೆ... ಮೂಗಿಗೆ ನೀರು ಬೀಳದ ಹಾಗೆ..." ಎಳ್ಳೆಣ್ಣೆಯ ಸೀಸೆ ಇಲ್ಲೇ ಪೆಟ್ಟಿಗೆಯಲ್ಲಿ ಉಳಿದಿತ್ತು.

ಅಷ್ಟರಲ್ಲಿ ಅಣ್ಣನ ಫೋನು ಬಂತು.

"ಗಂಡು ಮಗುವಂತೆ! ಮಾತಾಡ್ದೆ ಇದ್ರೆ ಹೇಗೆ ತಂಗೀ? ಮಗೂಗೆ ನಮ್ಮ ಕಡೆಯಿಂದ ಏನು ಉಡುಗೊರೆ ತರ್ಲಿ?"

"ಏನೂ ತರಬೇಡ," ಎಂದಳು ಕೋಗಿಲವಾಣಿ. "ಅವನಿಗಿನ್ನೂ ಹೆಸರಿಟ್ಟಿಲ್ಲ."